ಎರಡು ಸೇರಿ ಒಂದು, ಲೆಕ್ಕ ಮಾತ್ರ ಡಬಲ್!

ನಾಲ್ಕೂರ ಮೊಬೈಲ್ ಸೇನಾಪತಿಗಳು ತಮ್ಮ ಆಟದ ಬಗ್ಗೆ ಏನಂತಾರೆ?

ಚಿಕ್ಕಬಳ್ಳಾಪುರ: ಚಿಂತಾಮಣಿಯಿಂದ ಬೆಂಗಳೂರಿಗೆ ಹೊರಡುವ ಬೆಳಗಿನ ಬಸ್ಸು ಹತ್ತಿ ನೋಡಿ. ಹಿಂದೆಲ್ಲ ಪೇಪರಿನ ಒಂದು ಹಾಳೆ ನಾಲ್ಕು ಜನರ ಕೈ ದಾಟಿ ಐದನೆಯವನ ಹತ್ತಿರ ಹರಿಯುತ್ತಿತ್ತು. ಈಗ ಕೈಗೊಂದು ಮೊಬೈಲು. ರೀಲ್ಸ್ ನೋಡುವವರದು ಒಂದು ಪಂಗಡ, ಕ್ರಿಕೆಟ್ ಸ್ಕೋರು ನೋಡುವವರದು ಇನ್ನೊಂದು. ಮೂರನೆಯ ಪಂಗಡವೂ ಒಂದಿದೆ. ಇವರು ಮಾತಾಡುವುದಿಲ್ಲ, ನಗುವುದಿಲ್ಲ, ಕಂಡಕ್ಟರು ಎರಡು ಸಲ ಟಿಕೆಟ್ ಟಿಕೆಟ್ ಅಂದರೂ ತಲೆ ಎತ್ತುವುದಿಲ್ಲ. ಒಂದು ಕೈ ಮೇಲಿನ ಕಂಬಿ ಹಿಡಿದಿರುತ್ತದೆ. ಇನ್ನೊಂದು ಕೈಯ ಹೆಬ್ಬೆರಳು ಒಂದು ಟ್ಯಾಂಕನ್ನು ಎಳೆದು ಇನ್ನೊಂದು ಟ್ಯಾಂಕಿನ ಮೇಲೆ ಬಿಡುತ್ತದೆ. ಎರಡೂ ಮಾಯ. ಅದೇ ಜಾಗದಲ್ಲಿ ಅವೆರಡಕ್ಕಿಂತ ದೊಡ್ಡ ಟ್ಯಾಂಕೊಂದು ಎದ್ದು ನಿಲ್ಲುತ್ತದೆ.

ಕೂಡಿಸಿ ಕಾದಾಡುವ ಆಟವೆಂದರೆ ಇದೇ ಸ್ವಾಮಿ. ಮರ್ಜ್ ಗೇಮ್ ಅಂತ ಇಂಗ್ಲಿಷ್ ಹೆಸರು, ನಮ್ಮ ಹುಡುಗರೂ ಹಾಗೇ ಕರೀತಾರೆ. ಮೊದಲ ಮೆಟ್ಟಿಲಿನ ಇಬ್ಬರು ಸಿಪಾಯಿಗಳನ್ನು ಕೂಡಿಸಿದರೆ ಎರಡನೇ ಮೆಟ್ಟಿಲಿನ ಒಬ್ಬ. ಅಂಥ ಇಬ್ಬರನ್ನು ಕೂಡಿಸಿದರೆ ಮೂರನೇ ಮೆಟ್ಟಿಲಿನ ಒಬ್ಬ. ಹೀಗೆ ಬೆಳೆಸಿದ ದಂಡು ಕಟ್ಟಿಕೊಂಡು, ನಕಾಶೆಯಲ್ಲಿ ಪಕ್ಕದಲ್ಲಿರುವವನ ಕೋಟೆಗೆ ನುಗ್ಗುವುದು. ಆ ಪಕ್ಕದವನು ಬ್ರೆಜಿಲಿನವನೋ, ರಷ್ಯದವನೋ, ಗುಡಿಬಂಡೆಯವನೋ ಹೇಳಲು ಬರುವುದಿಲ್ಲ. ಈ ಬಗೆಯ ಆಟಗಳ ಪೈಕಿ ಟಾಪ್ ವಾರ್ ಎಂಬುದು ಹೆಸರಾದದ್ದು. ಭೂಸೇನೆ, ನೌಕಾಸೇನೆ, ವಾಯುಸೇನೆ ಮೂರೂ ಅದರಲ್ಲುಂಟು. ಒಂದರ ಮೇಲೊಂದು ಮೇಲುಗೈ, ಕಲ್ಲು ಕತ್ತರಿ ಕಾಗದದ ಹಾಗೆ. ಸಮುದ್ರ ನೋಡಬೇಕಾದರೆ ರಾತ್ರಿಯೆಲ್ಲ ಪ್ರಯಾಣ ಮಾಡಬೇಕಾದ ನಮ್ಮ ಜಿಲ್ಲೆಯ ತರುಣರು ಯುದ್ಧದ ಹಡಗು ಕೂಡಿಸುತ್ತ ಕೂತಿರುವುದು ಒಂದು ಚೆಂದವೇ ಬಿಡಿ.

ಈ ಆಟ ಆಡುವ ಮಂದಿಗೆ ಅದರ ಬಗ್ಗೆ ಏನನ್ನಿಸುತ್ತದೆ? ಆಡದವರ ಅಭಿಪ್ರಾಯ ಬೇಕಾದಷ್ಟು ಸಿಗುತ್ತದೆ. ಹಾಳಾಗಿ ಹೋದರು ಹುಡುಗರು ಅಂತ ಒಂದೇ ಮಾತು. ಆಡುವವರ ಅಭಿಪ್ರಾಯವನ್ನು ಕೇಳಿದವರು ಕಡಿಮೆ. ಕೇಳಿದರೆ ಅವರು ಹೇಳುವುದು ಅಂಗಡಿ ಲೆಕ್ಕದಷ್ಟೇ ಖಚಿತವಾಗಿದೆ.

ಕೂಡಿದವನೇ ಗಟ್ಟಿ

ಮೊದಲ ವಾರದ ಬಗ್ಗೆ ಎಲ್ಲರದೂ ಒಂದೇ ಮಾತು: ಭಾರೀ ಮಜಾ. ಯಾರೊಬ್ಬರೂ ಇಲ್ಲ ಅನ್ನಲಿಲ್ಲ. ಪಬ್ಜಿಯಂಥ ಗುಂಡು ಹಾರಿಸುವ ಆಟಕ್ಕೆ ಎರಡು ಕೈ ಬೇಕು, ಒಳ್ಳೆ ನೆಟ್‌ವರ್ಕ್ ಬೇಕು, ಬೆಲೆ ಬಾಳುವ ಫೋನು ಬೇಕು. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಪಬ್ಜಿಯನ್ನೂ ಸೇರಿಸಿ 118 ಆ್ಯಪ್‌ಗಳನ್ನು ನಿಷೇಧಿಸಿದಾಗ, 2022ರ ಫೆಬ್ರವರಿ 14ರಂದು ಫ್ರೀ ಫೈರ್ ಕೂಡ ಅದೇ ಹಾದಿ ಹಿಡಿದಾಗ, ಹುಡುಗರು ಕೈ ಕಟ್ಟಿ ಕೂತರೇ? ಬೇರೆ ಆಟ ಹುಡುಕಿಕೊಂಡರು. ಕೂಡಿಸುವ ಆಟಕ್ಕೆ ಒಂದು ಹೆಬ್ಬೆರಳು ಸಾಕು. ಗೌರಿಬಿದನೂರಿನಿಂದ ದೊಡ್ಡಬಳ್ಳಾಪುರ, ಯಲಹಂಕ ದಾಟಿ ಬೆಂಗಳೂರಿಗೆ ದಿನವೂ ರೈಲಿನಲ್ಲಿ ಹೋಗಿಬರುವ ಪಾಸಿನವರು ಹೇಳುವುದೂ ಅದನ್ನೇ. ನಿಂತುಕೊಂಡೇ ಆಡಬಹುದು, ಸ್ಟೇಷನ್ ಬಂದರೆ ಜೇಬಿಗೆ ಹಾಕಬಹುದು, ಮಧ್ಯೆ ಬಿಟ್ಟರೆ ಯಾರೂ ಬೈಯುವುದಿಲ್ಲ ಅಂತ.

ಇನ್ನೊಂದು ಸುಖವನ್ನು ಶಿಡ್ಲಘಟ್ಟದ ರೀಲರೊಬ್ಬರು ಬಿಡಿಸಿ ಹೇಳಿದರು. ಗೂಡಿನ ಮಾರುಕಟ್ಟೆಯಲ್ಲಿ ಹರಾಜಿಗೂ ತೂಕಕ್ಕೂ ನಡುವೆ ಕಾಯುವ ಹೊತ್ತಿನಲ್ಲಿ ಇವರು ಆಡುವುದು. ಬಿಸಿನೀರಿನಲ್ಲಿ ಬೆಂದ ಎಂಟು ಹತ್ತು ಗೂಡುಗಳ ಎಳೆ ಸೇರಿದರೆ ತಾನೇ ಒಂದು ನೂಲು, ಒಂಟಿ ಎಳೆಯನ್ನು ಯಾರು ಕೊಳ್ಳುತ್ತಾರೆ ಅಂತ ಕೇಳಿದರು. ಕೂಡಿಸುವುದನ್ನು ಕಂಡರೆ ಕೈಗೆ ತಾನಾಗಿ ಹಿತವಂತೆ. ಚೆಲ್ಲಾಪಿಲ್ಲಿ ಬಿದ್ದ ಸಣ್ಣಸಣ್ಣ ವಸ್ತುಗಳು ಜೋಡಿಯಾಗಿ, ಜಾಗ ಖಾಲಿಯಾಗಿ, ಕೊನೆಗೆ ಒಂದು ದೊಡ್ಡ ವಸ್ತು ನಿಂತರೆ ಮನೆ ಗುಡಿಸಿದ ಹಾಗೆ ಅನ್ನಿಸುತ್ತದೆ. ಈ ಮಾತಿಗೆ ಪಕ್ಕದಲ್ಲಿದ್ದವರು ನಕ್ಕರೂ ತಲೆಯಾಡಿಸಿದರು.

ನಮ್ಮ ಹಳೆಯ ಮನೆಗಳಲ್ಲಿ ಇದು ಹೊಸದಲ್ಲ. ಚೌಕಾಬಾರ ಆಡಿದವರಿಗೆ ಗಟ್ಟಿ ಅಂದರೆ ಗೊತ್ತು. ಒಳಮನೆಯಲ್ಲಿ ಒಬ್ಬರ ಎರಡು ಕಾಯಿ ಒಂದೇ ಮನೆಯಲ್ಲಿ ಕೂಡಿದರೆ ಅದು ಗಟ್ಟಿ. ಒಂಟಿ ಕಾಯಿ ಅದನ್ನು ಹೊಡೆಯಲಾರದು, ಗಟ್ಟಿಯನ್ನು ಗಟ್ಟಿಯೇ ಹೊಡೆಯಬೇಕು. ಅಜ್ಜಿಯಂದಿರು ಕವಡೆ ಹಾಕುತ್ತ ಇದೇ ಯುದ್ಧ ಮಾಡುತ್ತಿದ್ದರು. ಪರದೆಯ ಮೇಲೆ ಈ ಕೂಡಿಸುವ ಹುಚ್ಚನ್ನು ಜಗತ್ತಿಗೆಲ್ಲ ಹಬ್ಬಿಸಿದ್ದು 2014ರ ಮಾರ್ಚಿಯಲ್ಲಿ ಬಂದ 2048 ಎಂಬ ಅಂಕಿಯಾಟ. ಬರೆದವನು ಗೇಬ್ರಿಯೆಲೆ ಚಿರುಲ್ಲಿ ಎಂಬ ಇಟಲಿಯ ಹುಡುಗ, ಆಗ ಅವನಿಗೆ 19 ವರ್ಷ. ಎರಡು ಎರಡು ಕೂಡಿ ನಾಲ್ಕು, ನಾಲ್ಕು ನಾಲ್ಕು ಕೂಡಿ ಎಂಟು, ಹೀಗೆ 2048 ಮುಟ್ಟಬೇಕು. ಅದಕ್ಕೆ ಕಾಸು ಕೇಳಲಿಲ್ಲ ಆ ಪುಣ್ಯಾತ್ಮ. ಆಮೇಲೆ ಬಂದವರು ಅದೇ ಬಗೆಯ ಕೂಡಿಕೆಗೆ ಕೋಟೆ, ಟ್ಯಾಂಕು, ವೀರರು, ಯುದ್ಧ ಎಲ್ಲ ಸೇರಿಸಿ ಅಂಗಡಿ ತೆರೆದರು.

ಮೆಟ್ಟಿಲ ಲೆಕ್ಕ

ಮಜಾ ಎಲ್ಲಿ ನಿಲ್ಲುತ್ತದೆ ಅಂತ ಕೇಳಿದರೆ ಉತ್ತರಗಳು ಬೇರೆ ಬೇರೆ. ಒಬ್ಬರಿಗೆ ಎರಡನೇ ವಾರ, ಇನ್ನೊಬ್ಬರಿಗೆ ಎರಡನೇ ತಿಂಗಳು. ನಿಲ್ಲುವುದು ಮಾತ್ರ ಖಂಡಿತ ಅನ್ನುತ್ತಾರೆ. ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯಲ್ಲಿ ಮೊಬೈಲ್ ಗಾಜು ಅಂಟಿಸುವ ಹುಡುಗನೊಬ್ಬ ಇದರ ಕಾರಣವನ್ನು ಬಿಲ್ಲಿನ ಹಿಂದೆ ಪೆನ್ನಿನಲ್ಲಿ ಬರೆದು ತೋರಿಸಿದ. ಅಂಗಡಿಯವರು ಸ್ವಲ್ಪ ಗಮನ ಕೊಡಬೇಕು, ಲೆಕ್ಕ ಸೊಗಸಾಗಿದೆ.

ಪ್ರತಿ ಮೆಟ್ಟಿಲಿಗೆ ಕೆಳಗಿನವರು ಇಬ್ಬರು ಬೇಕು. ಹಾಗಾದರೆ ಹತ್ತನೇ ಮೆಟ್ಟಿಲಿನ ಒಬ್ಬ ಸಿಪಾಯಿಗೆ ಮೊದಲ ಮೆಟ್ಟಿಲಿನವರು 512 ಜನ. ಪರವಾಗಿಲ್ಲ. ಇಪ್ಪತ್ತನೇ ಮೆಟ್ಟಿಲಿಗೆ? ಸಾವಿರವಲ್ಲ ಸ್ವಾಮಿ, 5,24,288. ಮೂವತ್ತನೇ ಮೆಟ್ಟಿಲಿಗೆ 53,68,70,912. ಒಂದೊಂದು ಕೂಡಿಕೆಗೆ ಒಂದು ಸೆಕೆಂಡು ಅಂತ ಹಿಡಿಯಿರಿ. ಇಪ್ಪತ್ತನೆಯದನ್ನು ಕೆಳಗಿನಿಂದ ಕಟ್ಟಲು ಊಟ ನಿದ್ದೆ ಬಿಟ್ಟು ಆರು ದಿನ ಬೇಕು. ಮೂವತ್ತನೆಯದಕ್ಕೆ ಹದಿನೇಳು ವರ್ಷ! ಚದುರಂಗದ ಮೊದಲ ಮನೆಗೆ ಒಂದು ಕಾಳು ಅಕ್ಕಿ, ಮುಂದಿನ ಮನೆಗೆ ಎರಡು, ಅದರ ಮುಂದೆ ನಾಲ್ಕು ಅಂತ ಕೇಳಿ ರಾಜನ ಕಣಜ ಬರಿದು ಮಾಡಿದ ಕಥೆ ಇದೆಯಲ್ಲ, ಅದೇ.

ಯಾರೂ ಹದಿನೇಳು ವರ್ಷ ಎಳೆಯುತ್ತ ಕೂರುವುದಿಲ್ಲ ಎನ್ನುವುದೂ ನಿಜ. ಸೈನಿಕರ ಬ್ಯಾರಕ್ ದೊಡ್ಡದು ಮಾಡಿಕೊಂಡರೆ ನೇರವಾಗಿ ಮೇಲಿನ ಮೆಟ್ಟಿಲಿನ ಸಿಪಾಯಿಗಳೇ ಹುಟ್ಟುತ್ತಾರೆ. ಅದಕ್ಕೆ ಆಟದೊಳಗಿನ ಚಿನ್ನ ಬೇಕು, ಸಾಮಾನು ಬೇಕು, ಕಾಯುವ ತಾಳ್ಮೆ ಬೇಕು. ಮೊದಮೊದಲು ಇವೆಲ್ಲ ಮಳೆಯ ಹಾಗೆ ಸುರಿಯುತ್ತವೆ. ಎರಡರಿಂದ ನಾಲ್ಕು ಮಾಡಲು ಅರ್ಧ ನಿಮಿಷ ಸಾಕಾದಾಗ ಎಲ್ಲರೂ ಸೇನಾಪತಿಗಳೇ. ಮುಂದೆ ಮಳೆ ನಿಲ್ಲುತ್ತದೆ, ಮೆಟ್ಟಿಲು ಮಾತ್ರ ಡಬಲ್ ಆಗುತ್ತಲೇ ಹೋಗುತ್ತದೆ. ಸರಿಯಾಗಿ ಆ ಹೊತ್ತಿಗೆ ಪರದೆಯ ನಡುವೆ ಒಂದು ಪೆಟ್ಟಿಗೆ ತೆರೆದುಕೊಳ್ಳುತ್ತದೆ: ನಿಮಗಾಗಿ ಮಾತ್ರ, ಇವತ್ತು ಮಾತ್ರ, 89 ರೂಪಾಯಿ.

ಎಂಬತ್ತೊಂಬತ್ತು ಯಾಕೆ ಅಂತ ಚಿಂತಾಮಣಿಯ ದಿನಸಿ ಅಂಗಡಿಯವರೊಬ್ಬರನ್ನು ಕೇಳಿದ್ದಾಯಿತು. ಅವರೂ ಆಡುತ್ತಾರೆ, ಕಾಸೂ ಕೊಡುತ್ತಾರೆ, ಮುಚ್ಚುಮರೆ ಇಲ್ಲ. ಶಾಂಪೂ ಬಾಟಲಿ ತೂಗಿ ತೂಗಿ ಇಟ್ಟುಹೋಗುವ ಗಿರಾಕಿ ಒಂದು ರೂಪಾಯಿಯ ಸ್ಯಾಷೆಯನ್ನು ಕೇಳದೆ ಹರಿದುಕೊಳ್ಳುತ್ತಾನೆ, ಇದು ನನಗೆ ಗೊತ್ತಿಲ್ಲವೇ ಅಂತ ಅವರೇ ನಕ್ಕರು. ದಿನಕ್ಕೊಂದು ಅಂದರೆ ತಿಂಗಳಿಗೆ 2,670 ರೂಪಾಯಿ. ಗೊತ್ತಿದ್ದೂ ಕೊಳ್ಳುವಿರಾ ಎಂದರೆ, ಸಿಗರೇಟು ಬಿಟ್ಟಿದ್ದೀನಿ, ಸಿನಿಮಾಕ್ಕೆ ಹೋಗೋದಿಲ್ಲ, ರಾತ್ರಿ ಅಂಗಡಿ ಬಾಗಿಲು ಹಾಕಿದ ಮೇಲೆ ನನಗಿರೋದು ಇದೊಂದೇ ಅಂತ ಜವಾಬು. ಮನೆ ಮಂದಿಯೆಲ್ಲ ಬೆಂಗಳೂರಿಗೆ ಹೋಗಿ ಮಾಲ್‌ನಲ್ಲಿ ಒಂದು ಸಿನಿಮಾ ನೋಡಿಬಂದರೆ ಎಷ್ಟಾಗುತ್ತೆ ಲೆಕ್ಕ ಹಾಕಿ ಅಂತ ಸವಾಲು ಬೇರೆ. ಲೆಕ್ಕ ಹಾಕಿದರೆ ಅವರ ವಾದದಲ್ಲಿ ಹುರುಳಿದೆ.

ದುಡ್ಡಿನ ದೊರೆಗಳು, ಪುಕ್ಕಟೆ ಪ್ರಜೆಗಳು

ಆಟಗಾರರ ನಡುವಿನ ಅಸಲಿ ಜಗಳ ಇರುವುದು ಇಲ್ಲಿಯೇ. ದಿನಸಿ ಅಂಗಡಿಯವರು ಇರುವ ಕೂಟದಲ್ಲೇ ಅದೇ ಊರಿನ ಕಾಲೇಜು ಹುಡುಗನೊಬ್ಬನಿದ್ದಾನೆ. ಒಂದು ಪೈಸೆ ಕೊಟ್ಟಿಲ್ಲ, ಕೊಡುವುದೂ ಇಲ್ಲ ಅನ್ನುವುದು ಅವನ ಹೆಮ್ಮೆ. ಬೀದಿಯಲ್ಲಿ ಸಿಕ್ಕರೆ ಅಣ್ಣಾ ಚೆನ್ನಾಗಿದ್ದೀರಾ, ಬಾಪ್ಪಾ ಟೀ ಕುಡಿ ಅಂತ ಇಬ್ಬರದೂ ಮರ್ಯಾದೆ. ಆಟದೊಳಗೆ ಮಾತ್ರ ಮುಖ ಕಂಡರಾಗದು. ಹುಡುಗನ ದೂರು ಇಷ್ಟೇ. ಮೂರು ತಿಂಗಳು ಬೆಳಗ್ಗೆ ಸಂಜೆ ಎಳೆದು ಕಟ್ಟಿದ ದಂಡನ್ನು, ನಿನ್ನೆ ಮೊನ್ನೆ ಕಾಸು ಕೊಟ್ಟು ವೀರನನ್ನು ಕೊಂಡವನು ಒಂದೇ ಏಟಿಗೆ ಸುಟ್ಟುಹಾಕುತ್ತಾನೆ. ಹಾಗಾದರೆ ಇದರಲ್ಲಿ ಯುದ್ಧತಂತ್ರ ಎಲ್ಲಿ ಬಂತು, ಇದು ಹರಾಜು ತಾನೇ ಅಂತ.

ಅಂಗಡಿಯವರ ಉತ್ತರ ಕೇಳಿ. ನಾವು ಹತ್ತು ಜನ ಕಾಸು ಕೊಡೋದರಿಂದಲೇ ನೀವು ಸಾವಿರ ಜನ ಪುಕ್ಕಟೆ ಆಡೋದು, ಕಂಪನಿಯವರು ಕರೆಂಟು ಬಿಲ್ಲು ಯಾರ ಹತ್ತಿರ ಕಟ್ಟಿಸಿಕೊಳ್ಳಬೇಕು ಅಂತ. ಅದೂ ನಿಜವೇ. ಹುಡುಗ ಬಿಡುವನೇ? ಪುಕ್ಕಟೆಯವರು ಇಲ್ಲದಿದ್ದರೆ ನೀವು ಸುಡೋದು ಯಾರ ಕೋಟೆ ಅಂತ ತಿರುಗಿ ಕೇಳುತ್ತಾನೆ. ಕಾಸು ಕೊಟ್ಟವನಿಗೆ ಸಿಗುವ ಸುಖ ಗೆಲುವಿನದು, ಗೆಲ್ಲಬೇಕಾದರೆ ಸೋಲುವವನೊಬ್ಬ ಇರಬೇಕು, ಆ ಸೋಲುವವನು ನಾನು. ಅಂದ ಮೇಲೆ ನಾನು ಗಿರಾಕಿಯಲ್ಲ, ಸರಕು ಎಂಬುದು ಹುಡುಗನ ವಾದ. ಪಿಯುಸಿ ಮುಗಿಸದ ಈ ವರದಿಗಾರನಿಗೆ ಅರ್ಥಶಾಸ್ತ್ರ ಅಷ್ಟಕ್ಕಷ್ಟೇ. ಆದರೆ ಈ ಆಟದ ವ್ಯಾಪಾರವನ್ನು ಇಷ್ಟು ಕಡಿಮೆ ಮಾತಿನಲ್ಲಿ ಹೇಳಿದವರು ಬೇರೆ ಯಾರೂ ಸಿಗಲಿಲ್ಲ.

ವೀರರನ್ನು ಕೊಳ್ಳುವ ಕ್ರಮವನ್ನೂ ಹೇಳಬೇಕು. ಅಂಗಡಿಯಲ್ಲಿ ಬೆಲ್ಲ ಕೊಂಡ ಹಾಗೆ ವೀರನನ್ನು ಕೊಳ್ಳುವುದಕ್ಕೆ ಹೆಚ್ಚಿನ ಆಟಗಳಲ್ಲಿ ಬರುವುದಿಲ್ಲ. ಪೆಟ್ಟಿಗೆ ಕೊಳ್ಳಬೇಕು, ಒಳಗೆ ಏನಿದೆಯೋ ತೆರೆದ ಮೇಲೆ ಗೊತ್ತು. ಬೇಕಾದ ವೀರನ ಚೂರು ಬಂದರೆ ಅದೃಷ್ಟ, ಇಲ್ಲವಾದರೆ ಇನ್ನೊಂದು ಪೆಟ್ಟಿಗೆ. ಜಾತ್ರೆಯಲ್ಲಿ ಚೀಟಿ ಎತ್ತಿಸುವವನ ಹಾಗೆ. ಬೆಲ್ಜಿಯಂ ದೇಶದ ಅಧಿಕಾರಿಗಳು 2018ರಲ್ಲಿ ಕಾಸು ಕೊಟ್ಟು ತೆರೆಯುವ ಇಂಥ ಪೆಟ್ಟಿಗೆಗಳು ಜೂಜಿನ ಕಾನೂನಿಗೆ ವಿರುದ್ಧ ಎಂದು ಹೇಳಿದರು. ಯಾವ ವಸ್ತು ನೂರಕ್ಕೆ ಎಷ್ಟು ಸಲ ಬರುತ್ತದೆ ಎಂಬುದನ್ನು ಪ್ರಕಟಿಸಬೇಕು ಅಂತ ಆ್ಯಪಲ್ ಕಂಪನಿ 2017ರ ಕೊನೆಯಲ್ಲಿ, ಗೂಗಲ್ ಪ್ಲೇ 2019ರಲ್ಲಿ ನಿಯಮ ಮಾಡಿದವು. ಪ್ರಕಟಿಸಿಯೂ ಇದ್ದಾರೆ. ಪೆಟ್ಟಿಗೆಯ ಮೂಲೆಯಲ್ಲಿ ಒಂದು ಸಣ್ಣ ಪ್ರಶ್ನಾರ್ಥಕ ಚಿಹ್ನೆ ಒತ್ತಿದರೆ ಪಟ್ಟಿ ತೆರೆಯುತ್ತದೆ. ಅದನ್ನು ಒತ್ತಿ ನೋಡಿದ್ದೀರಾ ಎಂದು ಕೇಳಿದಾಗ ಕಾಸು ಕೊಡುವವರಲ್ಲಿ ಹೆಚ್ಚಿನವರು ಇಲ್ಲ ಅಂದರು. ಒತ್ತಿ ನೋಡಿದ್ದವನು ಆ ಪುಕ್ಕಟೆ ಹುಡುಗನೇ.

ರೀಲರು ಮೊದಲ ತಿಂಗಳು ಕಾಸು ಕೊಟ್ಟು ಆಮೇಲೆ ನಿಲ್ಲಿಸಿದರು. ಗೂಡು ಕೊಂಡರೆ ಒಂದು ದಿನ ನಷ್ಟವಾದರೂ ನೂಲು ಅಂತ ಒಂದು ಕೈಯಲ್ಲಿ ಉಳಿಯುತ್ತೆ, ಇಲ್ಲಿ ಏನುಳಿಯುತ್ತೆ ಅಂತ ಅವರ ಪ್ರಶ್ನೆ. ಚೀಟಿ ಕಟ್ಟಿದರೂ ಒಂದು ತಿಂಗಳು ನಮ್ಮ ಸರದಿ ಬರುತ್ತೆ ಅಂತ ಸೇರಿಸಿದರು. ಹಾಗಂತ ಆಟವನ್ನು ಬೈಯಲಿಲ್ಲ. ಕಾಸು ನಿಲ್ಲಿಸಿದ ದಿನದಿಂದ ದೊಡ್ಡವರ ಜೊತೆ ಕಾದಾಡುವುದನ್ನೂ ನಿಲ್ಲಿಸಿದ್ದಾರೆ. ಕೋಟೆಗೆ ರಕ್ಷಾಕವಚ ಹೊದಿಸಿ, ಒಳಗೆ ಸುಮ್ಮನೆ ಕೂಡಿಸುತ್ತ ಕೂರುತ್ತಾರೆ. ಆಟಗಾರರು ಈ ಕವಚವನ್ನು ಬಬಲ್ ಅಂತಾರೆ. ಅದು ಮೇಲಿರುವಷ್ಟು ಹೊತ್ತು ಯಾವ ದೊರೆಯ ದಂಡೂ ಒಳಗೆ ಬರುವಂತಿಲ್ಲ. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ನಂದಿದುರ್ಗ ಹತ್ತಿದಾಗ ಅಲ್ಲಿದ್ದವರಿಗೆ ಇಂಥದೊಂದು ಬಬಲ್ ಇದ್ದಿದ್ದರೆ ಅಂತ ಅನ್ನಿಸದಿರಲಿಲ್ಲ.

ಬಕಾಸುರನ ಬಂಡಿ

ಕಾಸಿಗಿಂತ ಹೊತ್ತಿನ ದೂರು ದೊಡ್ಡದು. ಇದನ್ನು ಹೇಳಿದವರು ಗೌರಿಬಿದನೂರಿನ ಗೃಹಿಣಿಯೊಬ್ಬರು. ಇವರು ತಮ್ಮ ಕೂಟದಲ್ಲಿ ನಾಯಕನ ಕೆಳಗಿನ ಅಧಿಕಾರಿ. ಆಟ ಕಲಿಸಿದ್ದು ಮಗ, ಮಗ ಪರೀಕ್ಷೆ ಅಂತ ಬಿಟ್ಟ, ಅಮ್ಮ ಮುಂದುವರಿಸಿದರು. ನಾಲ್ಕಾರು ದೇಶದವರಿರುವ ಕೂಟದಲ್ಲಿ ಕನ್ನಡದಲ್ಲಿ ಬರೆದರೆ ಯಂತ್ರವೇ ತರ್ಜುಮೆ ಮಾಡಿ ಕೊಡುತ್ತದಂತೆ. ಆ ತರ್ಜುಮೆಯ ಅವಾಂತರ ನೆನೆಸಿಕೊಂಡು ನಗುತ್ತಾರೆ. ಊಟ ಆಯ್ತಾ ಅಂತ ಇವರು ಕೇಳಿದ್ದು ಅತ್ತಲಿನವರಿಗೆ ಏನಾಗಿ ಮುಟ್ಟಿತೋ, ಅವರು ದಂಡು ಕಳಿಸಿಬಿಟ್ಟರಂತೆ!

ಮನೆಯಲ್ಲಿ ಯಾರೂ ನನ್ನ ಮಾತು ಕೇಳಿ ಒಂದು ಕೆಲಸ ಮಾಡಿದ್ದಿಲ್ಲ, ಅಲ್ಲಿ ಐವತ್ತು ಜನ ನಾನು ಹೇಳಿದ ಕಡೆ ನಿಲ್ಲುತ್ತಾರೆ ಎಂಬುದು ಆ ತಾಯಿಯ ಅಭಿಪ್ರಾಯ. ಆಟದ ಪರವಾಗಿ ಕೇಳಿದ ಮಾತುಗಳಲ್ಲಿ ಇದೇ ಬಲವಾದದ್ದು. ಆದರೆ ಅವರೇ ಸುಸ್ತಾಗಿದ್ದಾರೆ. ದಿನಾ ಬಂದು ಹಾಜರಿ ಹಾಕಬೇಕು, ದಿನಾ ಕೂಟಕ್ಕೆ ದೇಣಿಗೆ ಕೊಡಬೇಕು, ದಿನದ ಹತ್ತು ಕೆಲಸ ಮುಗಿಸಿದರೆ ಒಂದು ಪೆಟ್ಟಿಗೆ. ಒಂದು ದಿನ ತಪ್ಪಿದರೆ ಸಾಲು ಮುರಿಯಿತು. ಇಂಥ ಹಲವು ಆಟಗಳ ಗಡಿಯಾರ ಗ್ರೀನ್‌ವಿಚ್ ಲೆಕ್ಕದ್ದು. ಅಲ್ಲಿ ಮಧ್ಯರಾತ್ರಿ ಹನ್ನೆರಡಾದರೆ ನಮಗೆ ಬೆಳಗಿನ ಐದೂವರೆ. ಡೇರಿಗೆ ಹಾಲು ಹಾಕುವ ಹೊತ್ತು. ಹಾಲು ಕರೆಯಲು ಎದ್ದವರು ಮೊದಲು ಫೋನು ಹಿಡಿಯುವುದು, ಹಸು ಕಾಯುತ್ತ ನಿಲ್ಲುವುದು ಈಗ ಹಳ್ಳಿಗಳಲ್ಲೂ ಉಂಟು. ಇನ್ನು ಸರ್ವರ್‌ಗೂ ಸರ್ವರ್‌ಗೂ ಯುದ್ಧ ಬಿದ್ದ ದಿನವಂತೂ ರಾತ್ರಿ ಎರಡಕ್ಕೆ ಅಲಾರಂ.

ಚಿಂತಾಮಣಿ ಪಕ್ಕದ ಕೈವಾರವೇ ಹಿಂದಿನ ಏಕಚಕ್ರಪುರ ಅಂತ ನಮ್ಮ ಕಡೆ ನಂಬಿಕೆ. ಊರಿನವರು ಸರದಿಯ ಮೇಲೆ ಬಂಡಿ ತುಂಬ ಅನ್ನ ತುಂಬಿಕೊಂಡು ಬಕಾಸುರನಿಗೆ ಕಳಿಸಬೇಕಿತ್ತು. ಕಳಿಸದಿದ್ದರೆ ಅವನೇ ಊರೊಳಗೆ ಬರುತ್ತಿದ್ದ. ಈ ಆಟದ ದಿನದ ಕೆಲಸದ ಪಟ್ಟಿ ನೋಡಿದರೆ ಆ ಬಂಡಿಯ ನೆನಪಾಗುತ್ತದೆ. ಒಂದು ವ್ಯತ್ಯಾಸವುಂಟು. ಇಲ್ಲಿ ಬಂಡಿ ಕಳಿಸುವವರಿಗೆ ಬೇಜಾರಿಲ್ಲ, ನಿಲ್ಲಿಸುವುದಕ್ಕೇ ಸಂಕಟ. ಇಷ್ಟು ದಿನ ಕಟ್ಟಿದ್ದು ಬಿಟ್ಟುಹೋಗುವುದು ಹೇಗೆ ಅನ್ನುವವರು ನಾಲ್ಕೂರಲ್ಲೂ ಸಿಕ್ಕಿದರು. ಅರ್ಧ ಗೋಡೆ ಎದ್ದ ಮನೆ ಮಾರಿದ ಹಾಗೆ ಅನ್ನಿಸುತ್ತದಂತೆ.

ಜಾಹೀರಾತಿನ ವಿಷಯ ಒಂದೇ ಮಾತಿನಲ್ಲಿ ಮುಗಿಸಬಹುದು: ತೋರಿಸುವುದು ಒಂದು, ಕೊಡುವುದು ಇನ್ನೊಂದು. ಜಾಹೀರಾತಿನಲ್ಲಿ ದಡ್ಡನೊಬ್ಬ ತಪ್ಪು ಕೀಲಿ ಎಳೆದು ಸಾಯುತ್ತಾನೆ, ನೋಡಿದವರಿಗೆ ನಾನಾದರೆ ಸರಿಯಾಗಿ ಎಳೆಯುತ್ತಿದ್ದೆ ಅನ್ನಿಸುತ್ತದೆ. ಇಳಿಸಿಕೊಂಡರೆ ಒಳಗೆ ಆ ಆಟವೇ ಇರುವುದಿಲ್ಲ. ಗಾರ್ಡನ್‌ಸ್ಕೇಪ್ಸ್, ಹೋಮ್‌ಸ್ಕೇಪ್ಸ್ ಎಂಬ ಬೇರೆ ಬಗೆಯ ಎರಡು ಆಟಗಳ ಇಂಥ ಜಾಹೀರಾತುಗಳನ್ನು ಇಂಗ್ಲೆಂಡಿನ ಜಾಹೀರಾತು ಉಸ್ತುವಾರಿ ಸಂಸ್ಥೆ 2020ರಲ್ಲಿ ದಾರಿ ತಪ್ಪಿಸುವಂಥವು ಎಂದು ತಡೆಯಿತು. ನಮ್ಮ ಹುಡುಗರಿಗೆ ಈ ಮೋಸ ಎಂದೋ ರೂಢಿಯಾಗಿದೆ. ಸಿನಿಮಾ ಪೋಸ್ಟರ್ ನೋಡಿ ಸಿನಿಮಾಕ್ಕೆ ಹೋಗೋದಿಲ್ವಾ ಸಾರ್ ಅಂತಾರೆ.

ಕಾನೂನು ಏನನ್ನುತ್ತದೆ?

ಆನ್‌ಲೈನ್ ಆಟಗಳನ್ನೆಲ್ಲ ಸರ್ಕಾರ ಬಂದ್ ಮಾಡಿದೆಯಲ್ಲ, ಇದು ಹೇಗೆ ನಡೀತಿದೆ ಅಂತ ಅಂಗಡಿಯವರು ಕೇಳುವುದುಂಟು. ಬಂದ್ ಆದದ್ದು ಬೇರೆ. ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದು ಪಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಆ ವರ್ಷ ಅಕ್ಟೋಬರ್ 5ರಂದು ಜಾರಿಗೂ ಬಂತು. ಕಂಪನಿಗಳು ಹೈಕೋರ್ಟಿಗೆ ಹೋದವು. 2022ರ ಫೆಬ್ರವರಿ 14ರಂದು ಹೈಕೋರ್ಟು ಆ ನಿಷೇಧದ ವಿಧಿಗಳನ್ನು ರದ್ದುಮಾಡಿತು. ಅದೇ ದಿನ ದೆಹಲಿಯಲ್ಲಿ ಫ್ರೀ ಫೈರ್ ಬಂದ್! ಇಲ್ಲಿ ರಮ್ಮಿಯವರು ಸಿಹಿ ಹಂಚುವಾಗ ಅಲ್ಲಿ ಹುಡುಗರಿಗೆ ಸೂತಕ.

ಆಮೇಲೆ ಕೇಂದ್ರವೇ ಕೈ ಹಾಕಿತು. 2025ರ ಆಗಸ್ಟ್ 21ರಂದು ಸಂಸತ್ತಿನ ಒಪ್ಪಿಗೆ, ಮರುದಿನವೇ ರಾಷ್ಟ್ರಪತಿಗಳ ಅಂಕಿತ. ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆಶೆಯ ಆಟಗಳನ್ನು ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ. ಆಡಿದವನಿಗೆ ಶಿಕ್ಷೆಯಿಲ್ಲ. ಡ್ರೀಮ್ ಇಲೆವೆನ್‌ನಂಥವು ಆ ತಿಂಗಳೇ ಕಾಸಿನ ಪಂದ್ಯ ನಿಲ್ಲಿಸಿದವು. ಕೂಡಿಸಿ ಕಾದಾಡುವ ಆಟಕ್ಕೆ ಈ ಕಾಯಿದೆಯ ಬಿಸಿ ತಟ್ಟಲಿಲ್ಲ. ಕಾರಣ ವಿಚಿತ್ರವಾಗಿದೆ ನೋಡಿ. ಇಲ್ಲಿ ಕಟ್ಟಿದ ಕಾಸು ಯಾವ ದಾರಿಯಲ್ಲೂ ವಾಪಸು ಬರುವುದಿಲ್ಲ. ಗೆಲ್ಲುವ ಆಸೆ ಇಟ್ಟು ಸೋತರೆ ಜೂಜು. ಬರೀ ಕೊಟ್ಟುಬಿಟ್ಟರೆ ಮನರಂಜನೆ. ಕಾನೂನಿನ ದೃಷ್ಟಿ ಇದು, ತಪ್ಪೆನ್ನಲಾಗದು. ಆದರೆ ಚಿಂತಾಮಣಿಯ ಒಂದು ಅಂಗಡಿಯಲ್ಲಿ ನಡೆದದ್ದನ್ನು ಕೇಳಿದರೆ ಮನರಂಜನೆ ಎಂಬ ಮಾತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಮಾಲೀಕರು ಊಟಕ್ಕೆ ಹೋದಾಗ ಗಲ್ಲಾ ಮೇಲಿನ ಫೋನಿನಿಂದ ಕೆಲಸದ ಹುಡುಗ ಪೆಟ್ಟಿಗೆ ಕೊಳ್ಳುತ್ತಿದ್ದ. ಎಂಬತ್ತೊಂಬತ್ತು, ಎಂಬತ್ತೊಂಬತ್ತು, ಎಂಬತ್ತೊಂಬತ್ತು. ನೂರಾರು ಸಣ್ಣ ಜಮೆಗಳ ನಡುವೆ ಈ ಸಣ್ಣ ಖರ್ಚು ಕಣ್ಣಿಗೆ ಬೀಳಲಿಲ್ಲ. ಬಿದ್ದ ದಿನ ಹುಡುಗನ ಎರಡು ತಿಂಗಳ ಸಂಬಳಕ್ಕೆ ಸಮನಾಗಿತ್ತು. ಮಾಲೀಕರು ಪೊಲೀಸಿಗೆ ಹೋಗಲಿಲ್ಲ. ಸಂಬಳದಲ್ಲಿ ಮುರಿದುಕೊಳ್ಳುತ್ತಿದ್ದಾರೆ. ಹುಡುಗನ ತಾಯಿ ಹೂ ಕಟ್ಟಿ ಮಾರುವವರು, ಅವರಿಗೆ ಇದೇನು ಖರ್ಚು ಅಂತ ವಿವರಿಸುವುದೇ ಯಾರಿಂದಲೂ ಆಗಿಲ್ಲ. ಯಾವ ಸಾಮಾನು ಕೊಂಡ, ಅದು ಎಲ್ಲಿದೆ ಅಂತ ಕೇಳುತ್ತಾರೆ.

ಹೀಗಾದಾಗ ಮಾಡಬಹುದಾದ್ದು ಸ್ವಲ್ಪವುಂಟು. ಗೂಗಲ್ ಪ್ಲೇ ಮೂಲಕ ಕೊಂಡದ್ದಾದರೆ 48 ಗಂಟೆಯೊಳಗೆ ಗೂಗಲ್‌ಗೇ ಹಣ ವಾಪಸು ಕೇಳಿ ಅರ್ಜಿ ಹಾಕಬಹುದು. ನಮಗೆ ಗೊತ್ತೇ ಇಲ್ಲದೆ ಬೇರೆಯವರು ನಮ್ಮ ಖಾತೆಯಿಂದ ಕಟ್ಟಿದ್ದರೆ 120 ದಿನದೊಳಗೆ ತಿಳಿಸಬೇಕು. ಪ್ಲೇ ಸ್ಟೋರಿನ ಸೆಟ್ಟಿಂಗ್ಸಿನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಇಡಬಹುದು. ಅಂಗಡಿ ಫೋನಿಗೆ ಇದು ಗಲ್ಲಾಪೆಟ್ಟಿಗೆಗೆ ಬೀಗ ಇದ್ದ ಹಾಗೆ. ಗ್ರಾಹಕರ ದೂರಿಗೆ 1915, ಆನ್‌ಲೈನ್ ವಂಚನೆಗೆ 1930 ನಂಬರು. ಎರಡನೆಯದು ಹೆಚ್ಚು ಬೇಕಾಗುವುದು ಪುಕ್ಕಟೆ ವಜ್ರ ಕೊಡುತ್ತೇವೆ, ದೊಡ್ಡ ಖಾತೆ ಅರ್ಧ ಬೆಲೆಗೆ ಮಾರುತ್ತೇವೆ ಅನ್ನುವ ಖದೀಮರ ಕೈಗೆ ಸಿಕ್ಕಿದವರಿಗೆ. ಖಾತೆ ಮಾರುವುದು ಕೊಳ್ಳುವುದು ಆಟದ ಕಂಪನಿಗಳ ನಿಯಮಕ್ಕೇ ವಿರುದ್ಧ. ಮೋಸ ಹೋದ ಮೇಲೆ ಅವರ ಹತ್ತಿರ ಅತ್ತು ಪ್ರಯೋಜನವಿಲ್ಲ.

ಇಷ್ಟೆಲ್ಲ ಕೇಳಿಸಿಕೊಂಡ ಮೇಲೆ, ಹೊಸಬರಿಗೆ ಈ ಆಟ ಆಡಿ ಅಂತೀರಾ ಬೇಡ ಅಂತೀರಾ ಎಂದು ನಾಲ್ಕೂ ಕಡೆ ಕೇಳಿದ್ದಾಯಿತು. ದಿನಸಿ ಅಂಗಡಿಯವರು ಆಡಲಿ, ಆದರೆ ಮೊದಲ ಪೆಟ್ಟಿಗೆ ಕೊಳ್ಳದೇ ಇರಲಿ, ಮೊದಲನೆಯದು ಕೊಂಡವನು ಎರಡನೆಯದನ್ನು ಕೇಳದೆ ಕೊಳ್ಳುತ್ತಾನೆ ಅಂದರು. ಗೌರಿಬಿದನೂರಿನ ತಾಯಿ ಒಳ್ಳೆ ಕೂಟ ಸಿಕ್ಕರೆ ಆಡಲಿ, ಇಲ್ಲದಿದ್ದರೆ ಬೇಡ ಅಂದರು. ಗಾಜು ಅಂಟಿಸುವ ಹುಡುಗ ಹದಿನೈದನೇ ಮೆಟ್ಟಿಲವರೆಗೆ ಆಡಿ ಅಳಿಸಿಹಾಕಿ, ಅಲ್ಲಿಯವರೆಗಿನ ಮಜಾ ಪುಕ್ಕಟೆ ಅಂದ. ತಾನೇ ಮೂರು ಸಲ ಅಳಿಸಿ ಮೂರು ಸಲ ಹೊಸದಾಗಿ ಶುರು ಮಾಡಿದ್ದಾನಂತೆ. ಕಾಲೇಜು ಹುಡುಗ ಉತ್ತರ ಹೇಳುವಷ್ಟರಲ್ಲಿ ಅವನ ಬಸ್ಸು ಬಂತು. ಕಿಟಕಿ ಪಕ್ಕ ಸೀಟು ಹಿಡಿದು ಫೋನು ತೆಗೆದ. ಯಾರೋ ಅವನ ಕೋಟೆಯ ಮೇಲೆ ದಂಡು ಕಳಿಸಿದ್ದರು, ಮುಟ್ಟಲು ನಾಲ್ಕು ನಿಮಿಷವಿತ್ತು.